ಒಗೆಯುವ ಕಲ್ಲಿನ ಕಣ್ಣೀರು

ಬೀದಿಯೆಲ್ಲ ಮಲಗಿದ ಮೇಲೆ ಹಿತ್ತಲಿನಿಂದ ‘ಚಳ್’ ಎಂದು ಒಂದು ಸಣ್ಣ ಸದ್ದು ಬಂತು. ಚರಿತ್ರೆ ಮೇಷ್ಟ್ರು ಹಾಸಿಗೆಯಲ್ಲಿ ಕಣ್ಣು ಬಿಟ್ಟರು. ಕಳ್ಳರು ಸಾಮಾನ್ಯವಾಗಿ ಚಳ್ ಎನ್ನುವುದಿಲ್ಲ; ಬೆಕ್ಕಂತೂ ನೀರಿನ ಹತ್ತಿರ ಸುಳಿಯುವುದಿಲ್ಲ. ಮತ್ತೊಮ್ಮೆ ಚಳ್. ಪಕ್ಕದಲ್ಲಿದ್ದ ಹೆಂಡತಿ ಕಣ್ಣು ತೆರೆಯದೆಯೇ, ನಲ್ಲಿ ಸರಿಯಾಗಿ ತಿರುಗಿಸಿಲ್ಲ ನೀವು ಎಂದು ತೀರ್ಪು ಕೊಟ್ಟು ಮಗ್ಗುಲು ಬದಲಿಸಿದಳು. ಆ ಮನೆಯಲ್ಲಿ ಏನೇ ಸೋರಿದರೂ ಅದು ಮೇಷ್ಟ್ರ ಕೈಯಿಂದಲೇ ಸೋರಿದ್ದು ಎಂಬುದು ಮದುವೆಯಾದ ಹೊಸತರಲ್ಲೇ ಇತ್ಯರ್ಥವಾಗಿತ್ತು. ಅವರು ವಾದಿಸಲು ಹೋಗದೆ ಎದ್ದು, ಟಾರ್ಚು ಹಿಡಿದು, ಹಿತ್ತಲ ಬಾಗಿಲು ತೆರೆದರು.

ಟಾರ್ಚಿನ ಬೆಳಕಿನಲ್ಲಿ ಮೊದಲು ಕಂಡದ್ದು ಒಂದು ಜೊತೆ ಹವಾಯಿ ಚಪ್ಪಲಿ. ಎಡಗಾಲಿನದರ ಹಿಮ್ಮಡಿ ಅರ್ಧ ಸವೆದುಹೋಗಿತ್ತು. ಚಪ್ಪಲಿಯ ಮೇಲೆ ಎರಡು ಸಣಕಲು ಕಾಲು, ಕಾಲಿನ ಮೇಲೆ ಪಟ್ಟೆ ಪೈಜಾಮ, ಎಲ್ಲಕ್ಕಿಂತ ಮೇಲೆ ಮನೆ ಮಾಲೀಕರ ಮುಖ. ಅವರ ಕೈಯಲ್ಲಿ ಹೂಗಿಡಕ್ಕೆ ನೀರು ಹಾಕುವ ಡಬ್ಬಿಯಿತ್ತು. ಹಿತ್ತಲಿನಲ್ಲಿ ಹೂಗಿಡ ಇರಲಿಲ್ಲ. ಇದ್ದದ್ದು ಒಂದು ಕಲ್ಲು, ಕಲ್ಲಿನ ಸುತ್ತ ಕಂಬಗಳು, ಕಂಬಗಳಿಗೆ ಕಟ್ಟಿದ ಕೆಂಪು ಹಗ್ಗ. ಮಾಲೀಕರು ಹಗ್ಗದ ಮೇಲಿಂದ ಬಾಗಿ, ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವವರ ಮಮತೆಯಿಂದ ಆ ಕಲ್ಲಿಗೆ ನೀರು ಹಾಕುತ್ತಿದ್ದರು.

ಅವರು ಸ್ವಲ್ಪವೂ ಗಾಬರಿಯಾಗಲಿಲ್ಲ. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೇಳಿದರು: “ಮೇಷ್ಟ್ರೇ, ಚರಿತ್ರೆ ಒಣಗ್ತಾ ಇತ್ತು.”

ಅದು ಮೇಷ್ಟ್ರ ಹೆಂಡತಿ ಬಟ್ಟೆ ಒಗೆಯುವ ಕಲ್ಲು. ಅದು ಚರಿತ್ರೆಯಾದದ್ದು, ಚರಿತ್ರೆಯಾದ ಮೇಲೆ ಒಣಗತೊಡಗಿದ್ದು, ಎಲ್ಲದಕ್ಕೂ ಕಾರಣ ಮೇಷ್ಟ್ರು ಶಾಲೆಯ ಒಂದು ಸಭೆಯಲ್ಲಿ ಆಡಿದ ಒಂದೇ ಒಂದು ವಾಕ್ಯ.

ಶಾಲೆಯ ಮುಖ್ಯೋಪಾಧ್ಯಾಯಿನಿ ಯಾವುದೋ ತರಬೇತಿಯಿಂದ ಹೊಸ ಹುರುಪು ಹೊತ್ತು ಬಂದಿದ್ದರು. ಇನ್ನು ಮುಂದೆ ಚರಿತ್ರೆಯನ್ನು ಪುಸ್ತಕದಿಂದ ಓದಿಸಿದರೆ ಸಾಲದು, ಮಕ್ಕಳು ಆನ್‌ಲೈನಿನಲ್ಲಿ ಅದನ್ನು ತಾವೇ ಹುಡುಕಬೇಕು, ಮುಟ್ಟಬೇಕು, ತಡಕಬೇಕು ಎಂದರು. ನಮ್ಮಲ್ಲಿ ಇದು ಯಾರಿಗೆ ಗೊತ್ತು ಎಂದು ಸುತ್ತ ನೋಡಿದಾಗ ವಿಜ್ಞಾನದ ಮೇಷ್ಟ್ರ ಕೈ ಮೊಣಕೈವರೆಗೆ ಏರಿತ್ತು. ಪ್ರೊಜೆಕ್ಟರ್ ಕೆಟ್ಟರೆ, ಗಂಟೆ ಕೆಟ್ಟರೆ, ಕಡೆಗೆ ಮುಖ್ಯೋಪಾಧ್ಯಾಯಿನಿಯವರ ಚೀಲದ ಜಿಪ್ಪು ಕೆಟ್ಟರೂ ಏರುವ ಕೈ ಅದು. ಚರಿತ್ರೆಯನ್ನೂ ಅದು ರಿಪೇರಿ ಮಾಡಲು ಬರುತ್ತಿದೆ ಎಂದು ಕಂಡಾಗ ನಮ್ಮ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ಅದು ನನಗೆ ನೀರು ಕುಡಿದಷ್ಟು ಸುಲಭ ಮೇಡಂ,” ಎಂದುಬಿಟ್ಟರು.

ಫೋನಿನೊಂದಿಗೆ ಅವರ ಒಡನಾಟದ ದೊಡ್ಡ ಸಾಧನೆಯೆಂದರೆ, ಒಮ್ಮೆ ಸೋದರಮಾವನ ಮಗಳ ಮದುವೆಯ ಆಮಂತ್ರಣಕ್ಕೆ ‘ನಿಮ್ಮ ದುಃಖದಲ್ಲಿ ನಾವೂ ಭಾಗಿ’ ಎಂಬ ಸಿದ್ಧ ಸಂದೇಶವನ್ನು ಕಳುಹಿಸಿದ್ದು. ಮದುಮಗ ಇಂದಿಗೂ ಅವರನ್ನು ಕಂಡರೆ ಒಂದು ಥರ ನಗುತ್ತಾನೆ.

ಆದರೂ ಕೊಟ್ಟ ಮಾತು. ಆ ಸಂಜೆ ಮುಖ್ಯೋಪಾಧ್ಯಾಯಿನಿ ಹೇಳಿದ ‘ಬೀದಿಯ ನೆನಪು’ ಎಂಬ ತಾಣವನ್ನು ತೆರೆದು ಕುಳಿತರು. ಕುಳಿತವರು ಏಳಲಿಲ್ಲ. ನಕ್ಷೆಯಲ್ಲಿ ಒಂದು ಓಣಿಯನ್ನು ಮುಟ್ಟಿದರೆ ಅದರ ಹಳೆಯ ಚಿತ್ರ ಬರುತ್ತಿತ್ತು. ಬೆರಳಿನಿಂದ ಪಕ್ಕಕ್ಕೆ ಎಳೆದರೆ ಕುದುರೆಗಾಡಿಗಳು ಸರಿದು ಈಗಿನ ಬಸ್ಸು ನಿಲ್ದಾಣ ಕಾಣುತ್ತಿತ್ತು. ಯಾವುದೋ ಊರಿನ ಶಾಲೆಯ ಮಕ್ಕಳು ತಮ್ಮ ಬೀದಿಯ ಮುದುಕರ ದನಿಗಳನ್ನು ಹಿಡಿದಿಟ್ಟಿದ್ದರು. ಒಬ್ಬ ಮುದುಕ, ಬೀದಿಗೆ ಮೊದಲ ದೀಪದ ಕಂಬ ಬಂದ ರಾತ್ರಿ ತಾನು ಅದರ ಕೆಳಗೆ ನಿಂತು ತನ್ನ ನೆರಳನ್ನೇ ನೋಡುತ್ತಾ ಊಟ ಮರೆತದ್ದನ್ನು ಹೇಳುತ್ತಿದ್ದ. ಅದನ್ನು ಕೇಳುತ್ತಾ ಮೇಷ್ಟ್ರೂ ಊಟ ಮರೆತರು. ಕೊಚ್ಚಿಕೊಂಡದ್ದು ಸುಳ್ಳಾದರೂ ಸಿಕ್ಕ ಸಂತೋಷ ನಿಜವಾಗಿತ್ತು.

ಆ ತಾಣದಲ್ಲಿ ‘ನಂಬುವ ಮುನ್ನ’ ಎಂಬ ಒಂದು ಪಾಠವಿತ್ತು. ಮೇಷ್ಟ್ರು ಬೇಕೆಂದೇ ಒಂದು ಸುಳ್ಳು ಪುಟ ಬರೆಯಬೇಕು. ಮಕ್ಕಳು ಅದನ್ನು ಸಾಕ್ಷಿ ಸಮೇತ ಹಿಡಿಯಬೇಕು. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ಬೇರೆ ಯಾರು ನೋಡಿದ್ದಾರೆ ಎಂದು ಕೇಳುತ್ತಾ ಹೋಗಬೇಕು. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ಮರುದಿನ, ರಜೆಯ ಮೊದಲ ದಿನ, ಹಿತ್ತಲಿಗೆ ಹೋಗಿ, ಹೆಂಡತಿ ಆಗಷ್ಟೇ ಒಗೆದು ಮುಗಿಸಿದ್ದ ಕಲ್ಲಿನ ಚಿತ್ರ ತೆಗೆದುಕೊಂಡು ಬಂದು ಬರೆದರು:

‘ಇದು ಅಳುವ ಕಲ್ಲು. ಮುನ್ನೂರು ವರ್ಷಗಳ ಹಿಂದೆ ಯುದ್ಧದಲ್ಲಿ ಸೋತು ಬಂದ ದಂಡನಾಯಕನೊಬ್ಬನು ತನ್ನ ಕೈಗಡಿಯಾರವನ್ನು ನೋಡಿಕೊಂಡು, ಇನ್ನೂ ಸಮಯವಿದೆ ಎಂದು ಈ ಕಲ್ಲಿನ ಮೇಲೆ ಕುಳಿತು ಬೆಳಗಿನವರೆಗೆ ಅತ್ತನು. ಅಂದಿನಿಂದ ಈ ಕಲ್ಲು ಒಣಗಿಲ್ಲ. ಕಣ್ಣಾರೆ ಕಂಡವರು: ಪಕ್ಕದ ಮನೆಯ ಅಜ್ಜಿ.’

ಚಿತ್ರದ ಮೂಲೆಯಲ್ಲಿ ಬಕೆಟ್ಟು ಕಾಣುತ್ತಿತ್ತು. ಕಲ್ಲಿನ ಅಂಚಿನಲ್ಲಿ ಸೋಪಿನ ನೊರೆಯಿತ್ತು. ಇದನ್ನು ಹಿಡಿಯದ ಮಗು ಹುಟ್ಟಿಲ್ಲ ಎಂದು ಮೇಷ್ಟ್ರು ತಮ್ಮಷ್ಟಕ್ಕೇ ನಕ್ಕರು.

ಪುಟದ ಕೊನೆಯಲ್ಲಿ ಒಂದು ಪುಟ್ಟ ಚೌಕವಿತ್ತು. ‘ಇದು ಅಭ್ಯಾಸಕ್ಕಾಗಿ ಬರೆದ ಸುಳ್ಳು’ ಎಂದು ಅದರ ಮುಂದೆ ಬರೆದಿತ್ತು. ಆ ಚೌಕಕ್ಕೆ ಗುರುತು ಹಾಕಬೇಕು. ಹಾಕಿದರೆ ಪುಟ ಅವರ ತರಗತಿಯನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಮೇಷ್ಟ್ರಿಗೆ ಚೌಕ ಕಾಣದೇ ಇರಲಿಲ್ಲ. ಚೆನ್ನಾಗಿ ಕಂಡಿತು. ಆದರೆ ಅವರು ಪರೀಕ್ಷಾ ಕೊಠಡಿಗಳಲ್ಲಿ ತಿರುಗಾಡಿ ತಲೆ ನರೆತ ಮನುಷ್ಯ. ಸುಳ್ಳು ಎಂದು ಮೊದಲೇ ಗುರುತು ಹಾಕಿ ಕೊಡುವುದೆಂದರೆ ಪ್ರಶ್ನೆಪತ್ರಿಕೆಯ ಬುಡದಲ್ಲಿ ಉತ್ತರ ಅಚ್ಚು ಹಾಕಿಸಿದಂತೆ. ಅಂಥ ಪಾಪ ಅವರ ಕೈಯಿಂದ ಆಗಲಾರದು. ಚೌಕವನ್ನು ಖಾಲಿ ಬಿಟ್ಟು ಗುಂಡಿ ಒತ್ತಿ, ಸಮಾಧಾನದಿಂದ ಮಲಗಿದರು.

ರಜೆ ಮುಗಿದು ಶಾಲೆ ತೆರೆಯುವಷ್ಟರಲ್ಲಿ ಅಳುವ ಕಲ್ಲನ್ನು ಬೇರೆ ಬೇರೆ ಶಾಲೆಗಳ ಮಕ್ಕಳು ಓದಿ, ಚಿತ್ರ ಬರೆದು, ದಂಡನಾಯಕನ ಮೇಲೆ ಪದ್ಯ ಕಟ್ಟಿದ್ದರು. ಒಂದು ಶಾಲೆಯವರು ಬಸ್ಸು ಮಾಡಿಕೊಂಡೇ ಬಂದರು. ಮೇಷ್ಟ್ರ ಹೆಂಡತಿ ಹಿತ್ತಲಲ್ಲಿ ಬೆಡ್‌ಶೀಟು ಬಡಿಯುತ್ತಿದ್ದಳು. ಬಾಗಿಲಲ್ಲಿ ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬಳು ಬಿಕ್ಕುತ್ತಾ, “ದಂಡನಾಯಕರು ಪಾಪ ಅಲ್ವಾ, ಅವರನ್ನು ಹೊಡೀಬೇಡಿ ಆಂಟಿ” ಎಂದಳು. ಹೆಂಡತಿ ಬೆಡ್‌ಶೀಟನ್ನೂ ಮಗುವನ್ನೂ ನೋಡಿ, ಕೊನೆಗೆ ಗಂಡನನ್ನು ನೋಡಿದಳು. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ; ಮದುವೆಯಾದವರಿಗೆ ಗೊತ್ತಿರುತ್ತದೆ.

ಮಕ್ಕಳು ಕಣ್ಣಾರೆ ಕಂಡವರನ್ನು ಹುಡುಕಿಕೊಂಡು ಪಕ್ಕದ ಮನೆಗೂ ಹೋದರು. ಅಜ್ಜಿ ಮೊದಲು, ನಾನೆಲ್ಲಿ ಕಂಡೆ, ಕನ್ನಡಕ ಹಾಕದೆ ನನಗೆ ನನ್ನ ಕೈಯೇ ಕಾಣಲ್ಲ ಎಂದರು. ಆದರೆ ಅವರ ಜಗಲಿಯ ಮೇಲೆ ಅಷ್ಟೊಂದು ಮಕ್ಕಳು ಬಾಯಿ ತೆರೆದು ಕೂತು ಎಷ್ಟೋ ಕಾಲವಾಗಿತ್ತು. ಹಾಗೆ ಕೂತವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅಜ್ಜಿಗೆ ಸ್ವಲ್ಪ ಸ್ವಲ್ಪವೇ ನೆನಪಾಗತೊಡಗಿತು. ಮೊದಲು ಮೀಸೆ ನೆನಪಾಯಿತು, ಆಮೇಲೆ ಮೀಸೆ ಒದ್ದೆಯಾಗಿದ್ದದ್ದು. ಸಂಜೆಯ ಹೊತ್ತಿಗೆ ಅಜ್ಜಿ ಅವನಿಗೆ ಮುಖ ಒರೆಸಿಕೊಳ್ಳಲು ತಮ್ಮ ಟವೆಲ್ಲು ಕೊಟ್ಟಾಗಿತ್ತು.

“ವಾಪಸ್ ಕೊಡಲಿಲ್ಲ ನೋಡಿ,” ಎಂದರು ಅಜ್ಜಿ. “ದಂಡನಾಯಕ ಆದರೇನು, ಟವೆಲ್ ಟವೆಲ್ಲೇ.”

ಮುನ್ನೂರು ವರ್ಷದ ಹಿಂದೆ ನೀವು ಇದ್ರಾ ಎಂದು ಯಾರೋ ಕೇಳಿದ್ದಕ್ಕೆ, ಹೆಂಗಸರ ವಯಸ್ಸು ಕೇಳಬಾರದು ಅಂತ ನಿಮ್ಮ ಶಾಲೆಯಲ್ಲಿ ಹೇಳ್ಕೊಡಲ್ವಾ ಎಂದು ಬಾಯಿ ಮುಚ್ಚಿಸಿದರು.

ಮನೆ ಮಾಲೀಕರು ಮಹಡಿಯ ಮೇಲೆ ಒಬ್ಬರೇ ವಾಸವಾಗಿದ್ದರು. ಜೀವನದಲ್ಲಿ ಅವರು ಯಾವ ವಿಷಯಕ್ಕೂ ಪ್ರಸಿದ್ಧರಾದವರಲ್ಲ. ಬೀದಿಯವರು ವಿಳಾಸ ಹೇಳುವಾಗಲೂ ‘ಅಜ್ಜಿ ಮನೆ ಪಕ್ಕದ್ದು’ ಎನ್ನುತ್ತಿದ್ದರೇ ಹೊರತು ಅವರ ಹೆಸರು ಎತ್ತುತ್ತಿರಲಿಲ್ಲ. ಈಗ ಬಸ್ಸಿನಲ್ಲಿ ಬಂದವರೆಲ್ಲ ಈ ಜಾಗ ಯಾರದ್ದು ಎಂದು ಕೇಳುತ್ತಿದ್ದರು. ಮಾಲೀಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲಿನ ಮೇಲೆ ನಿಲ್ಲತೊಡಗಿದರು. ವಾರ ತುಂಬುವುದರೊಳಗೆ ಆ ದಂಡನಾಯಕ ಅವರ ತಾಯಿಯ ಕಡೆಯ ದೂರದ ಸಂಬಂಧಿಯಾದ. ನಮ್ಮ ಮನೆತನದಲ್ಲಿ ಎಲ್ಲರಿಗೂ ಕಣ್ಣಲ್ಲಿ ನೀರು ಬೇಗ ಎಂದು ಅವರು ಹೇಳುವಾಗ ನಿಜಕ್ಕೂ ಕಣ್ಣು ತುಂಬುತ್ತಿತ್ತು.

ಆಮೇಲೆ ನಗರದ ಸ್ಮಾರಕ ಕಚೇರಿಯ ಅಧಿಕಾರಿ ಬಂದರು. ಕಲ್ಲನ್ನು ಮುಟ್ಟಿ ನೋಡಿ, ಒದ್ದೆಯಿದೆ ಎಂದು ಬರೆದುಕೊಂಡರು. ಸುತ್ತ ಕಂಬ ನೆಡಿಸಿ ಹಗ್ಗ ಕಟ್ಟಿಸಿ, ಇನ್ನು ಇದನ್ನು ಯಾರೂ ಮುಟ್ಟುವಂತಿಲ್ಲ, ಬೋರ್ಡು ಬರೆಸುತ್ತೇನೆ ಎಂದರು. ಮೇಷ್ಟ್ರು ಅವರನ್ನು ಪಕ್ಕಕ್ಕೆ ಕರೆದು, ಸ್ವಾಮಿ, ಅದು ಸುಳ್ಳು, ಮಕ್ಕಳ ಪಾಠಕ್ಕೆಂದು ಬರೆದದ್ದು ಎಂದು ತಪ್ಪೊಪ್ಪಿಕೊಂಡರು.

“ಹಾಗೆಲ್ಲ ಬಾಯಿಮಾತಿಗೆ ಬೆಲೆ ಕೊಡೋಕಾಗಲ್ಲ,” ಎಂದರು ಅಧಿಕಾರಿ. “ನಮ್ಮ ಹತ್ರ ಲಿಖಿತ ಆಧಾರ ಇದೆ.”

“ಆ ಲಿಖಿತ ಆಧಾರ ಬರೆದವನು ನಾನೇ.”

“ಅದಕ್ಕೇ ನಿಮ್ಮ ಮೇಲೆ ನಮಗೆ ಅಷ್ಟು ಗೌರವ,” ಎಂದು ಕೈ ಕುಲುಕಿ ಹೋದರು.

ಮೇಷ್ಟ್ರು ತಾಣದವರಿಗೆ ಬರೆದರು. ತಾಣದವರು ಬಹಳ ವಿನಯದಿಂದ ಉತ್ತರಿಸಿದರು. ಬೇರೆ ಶಾಲೆಗಳು ಬಳಸಿರುವ ಪುಟವನ್ನು ಬರೆದವರು ತಾವೇ ಅಳಿಸುವಂತಿಲ್ಲ. ಚರಿತ್ರೆಯನ್ನು ತಮಗೆ ಬೇಕಾದ ಹಾಗೆ ಅಳಿಸುವವರಿಂದ ಕಾಪಾಡಲೆಂದೇ ಈ ನಿಯಮ. ಒಂದೋ ಜಾಗದ ಮಾಲೀಕರ ಒಪ್ಪಿಗೆ ಬೇಕು, ಇಲ್ಲವೇ ಒಂದು ತರಗತಿಯ ಮಕ್ಕಳು ಸಾಕ್ಷಿಯೊಂದಿಗೆ ಅದನ್ನು ಸುಳ್ಳೆಂದು ತೋರಿಸಬೇಕು. ಮೇಷ್ಟ್ರು ಉತ್ತರ ಹೇಳಿಕೊಟ್ಟರೆ ಲೆಕ್ಕಕ್ಕಿಲ್ಲ.

ಮಾಲೀಕರ ಒಪ್ಪಿಗೆ ಕೇಳಲು ಮೇಷ್ಟ್ರು ಮಹಡಿ ಹತ್ತುವ ಮೊದಲೇ ಮಾಲೀಕರು ಅಳತೆಯ ಪಟ್ಟಿ ಹಿಡಿದು ಕೆಳಗಿಳಿದು ಬಂದರು. ಅಡುಗೆಮನೆಯ ಕಿಟಕಿಯನ್ನು ಅಳೆದರು. ಇದನ್ನು ನೋಡಲು ಮುಂದೆ ದೂರದೂರದಿಂದ ಜನ ಬರುತ್ತಾರೆ, ಟಿಕೆಟ್ಟು ಕೊಡಲು ಈ ಕಿಟಕಿ ಹೇಳಿ ಮಾಡಿಸಿದ ಹಾಗಿದೆ, ಮುಂದಿನ ತಿಂಗಳೊಳಗೆ ಮನೆ ಬಿಟ್ಟುಕೊಟ್ಟರೆ ಒಳ್ಳೆಯದು, ಬೇಸರ ಮಾಡ್ಕೋಬೇಡಿ, ಚರಿತ್ರೆ ಮೇಷ್ಟ್ರಿಗೆ ನಾನು ಹೇಳಬೇಕೇ ಎಂದರು.

ಮೇಷ್ಟ್ರ ಹೆಂಡತಿ ಆ ಮನೆಗೆ ಬಂದ ಮೇಲೆಯೇ ತನ್ನದು ಎಂಬಂಥ ಒಂದು ಕಿಟಕಿಯನ್ನು ಕಂಡಿದ್ದಳು. ಬೆಳಿಗ್ಗೆ ಅಲ್ಲಿ ಬಿಸಿಲು ಬೀಳುವ ಕಡೆ ಕೂತು ಅವಳು ಕಾಫಿ ಕುಡಿಯುವ ಹೊತ್ತಿನಲ್ಲಿ ಯಾರೂ ಅವಳನ್ನು ಏನೂ ಕೇಳಬಾರದೆಂಬುದು ಮನೆಯ ಕಾನೂನು. ಈಗ ಅದೇ ಕಿಟಕಿಗೆ ಟಿಕೆಟ್ಟಿನ ತೂತು ಕೊರೆಯುವ ಮಾತು. ಅವಳು ಕೂಗಾಡಲಿಲ್ಲ. ಒಗೆಯದ ಬಟ್ಟೆಯ ಗಂಟನ್ನು ತಂದು ಗಂಡ ಓದುವ ಮೇಜಿನ ಮೇಲೆ, ಜಗತ್ತಿನ ಪ್ರಸಿದ್ಧ ಯುದ್ಧಗಳು ಎಂಬ ಪುಸ್ತಕದ ಮೇಲೆಯೇ ಇಟ್ಟಳು.

“ಚರಿತ್ರೆಲಿ ದೊಡ್ಡ ದೊಡ್ಡವರು ರಾಜ್ಯ ಕಳ್ಕೊಂಡಿದ್ದಾರೆ,” ಎಂದಳು. “ಒಗೆಯೋ ಕಲ್ಲು ಕಳ್ಕೊಂಡವರು ನೀವೊಬ್ಬರೇ.”

ಮೇಷ್ಟ್ರು ಬಚ್ಚಲಿನ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬಟ್ಟೆ ಒಗೆಯಲು ಕಲಿತರು. ಅವರು ಒಗೆದ ಅಂಗಿಗಳಿಗೆ ಒಂದು ಬಗೆಯ ಪುರಾತನ ಬಣ್ಣ ಬಂತು.

ಇತ್ತ ಹಿತ್ತಲಿನಲ್ಲಿ, ಯಾರೂ ಬಟ್ಟೆ ಒಗೆಯದ ಆ ಕಲ್ಲು, ಎಲ್ಲ ಕಲ್ಲುಗಳೂ ಮಾಡುವುದನ್ನೇ ಮಾಡಿತು, ಒಣಗಿತು. ಇಷ್ಟರಿಂದಲೇ ಎಲ್ಲ ಮುಗಿಯುತ್ತದೆ ಎಂದು ಮೇಷ್ಟ್ರು ಆಸೆಯಿಂದಿದ್ದರು. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಒದ್ದೆ. ಅದು ಹೇಗೆಂದು ತಿಳಿದದ್ದು ಆ ಚಳ್ ಎಂದ ರಾತ್ರಿ.

ತಿಳಿದೂ ಏನೂ ಮಾಡುವಂತಿರಲಿಲ್ಲ. ಅಧಿಕಾರಿಗೆ ಬಾಯಿಮಾತು ಬೇಡ, ತಾಣದವರಿಗೆ ಮೇಷ್ಟ್ರ ಮಾತು ಬೇಡ. ಉಳಿದದ್ದು ಮಕ್ಕಳು. ಮಕ್ಕಳ ಮೇಲೆ ಮೇಷ್ಟ್ರಿಗೆ ಭರವಸೆಯಿತ್ತು. ಅದರಲ್ಲೂ ಮೂರನೇ ಬೆಂಚಿನ ‘ಯಾಕಮ್ಮ’ನ ಮೇಲೆ. ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿದ್ದರೂ, ಎಲ್ಲದಕ್ಕೂ ‘ಯಾಕೆ ಸಾರ್’ ಎನ್ನುತ್ತಿದ್ದದ್ದರಿಂದ ಇಡೀ ಶಾಲೆ ಅವಳನ್ನು ಹಾಗೆಯೇ ಕರೆಯುತ್ತಿತ್ತು. ಸಾಮ್ರಾಜ್ಯಗಳು ಯಾಕೆ ಬಿದ್ದವು ಎಂದು ಅವಳು ಕೇಳಿದಾಗ ವಿಜ್ಞಾನದ ಮೇಷ್ಟ್ರು ಗುರುತ್ವಾಕರ್ಷಣೆ ಎಂದು ತಪ್ಪಿಸಿಕೊಂಡು ಹೋಗಿದ್ದರು.

ಮೇಷ್ಟ್ರು ಪರದೆಯ ಮೇಲೆ ಅಳುವ ಕಲ್ಲಿನ ಪುಟ ತೋರಿಸಿ, ನಿಮಗೇನನ್ನಿಸುತ್ತೆ ಎಂದರು. ತರಗತಿ ಒಕ್ಕೊರಲಿನಿಂದ ನಿಜ ಎಂದಿತು. ಮೇಷ್ಟ್ರು ಯಾಕಮ್ಮನ ಕಡೆ ನೋಡಿದರು. ಅವಳೂ ತಲೆಯಾಡಿಸಿದಳು.

“ನೀನು ಏನೂ ಕೇಳಲ್ವೇನಮ್ಮ?”

“ನೀವು ಬರೆದಿದ್ದಲ್ವಾ ಸಾರ್. ನೀವು ಸುಳ್ಳು ಬರೆಯಲ್ಲ.”

ಇಷ್ಟು ವರ್ಷ ಪಾಠ ಹೇಳಿ ಇದಕ್ಕಿಂತ ದೊಡ್ಡ ಮೆಚ್ಚುಗೆ ಮೇಷ್ಟ್ರಿಗೆ ಸಿಕ್ಕಿರಲಿಲ್ಲ. ಇದಕ್ಕಿಂತ ದೊಡ್ಡ ಸೋಲೂ ಸಿಕ್ಕಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕಡೆಗೆ ಸೀಮೆಸುಣ್ಣ ಹಿಡಿದು ಕಪ್ಪು ಹಲಗೆಯ ಮೇಲೆ, ಯಾರು ಹೇಳಿದರು ಎಂಬ ಪ್ರಶ್ನೆ ಬರೆದು, ಅದರ ಮುಂದೆ ‘ಚರಿತ್ರೆ ಮೇಷ್ಟ್ರು’ ಎಂದು ಬರೆದು ಕೆಳಗೆ ಗೆರೆ ಎಳೆದರು.

“ಈಗ ಇವನನ್ನೂ ಕೇಳಿ,” ಎಂದರು. “ಇವನಿಗೆ ಹೇಗೆ ಗೊತ್ತು? ನಾನು ಹೇಳಿದೆ ಅಂತ ನಂಬಬೇಡಿ. ನಾನು ಹೇಳಿದೆ ಅಂತಲೇ ಇನ್ನೊಂದು ಸಲ ನೋಡಿ.”

ಯಾಕಮ್ಮ, ಬಹಳ ದಿನದಿಂದ ತೆರೆಯಬೇಕೆಂದಿದ್ದ ಕಪಾಟಿನ ಬೀಗದ ಕೈ ಸಿಕ್ಕವಳ ಹಾಗೆ ಎದ್ದು ಪರದೆಯ ಹತ್ತಿರ ಹೋದಳು. ಅಲ್ಲಿ ಮೂಗು ತಾಗುವಷ್ಟು ಹತ್ತಿರ ನಿಂತು, “ಸಾರ್, ಈ ಬಕೆಟ್ ಯಾರದ್ದು?” ಎಂದಳು.

ಒಂದು ಕಲ್ಲು ಕದಲಿದರೆ ಗೋಡೆ ನಿಲ್ಲುವುದಿಲ್ಲ. ಬಕೆಟ್ಟಿನಿಂದ ನೊರೆಗೆ, ನೊರೆಯಿಂದ ಕೈಗಡಿಯಾರಕ್ಕೆ ಮಕ್ಕಳು ಹಾರಿದರು. ಅದೇ ತಾಣದಲ್ಲಿ ಹುಡುಕಿ, ಕೈಗೆ ಕಟ್ಟುವ ಗಡಿಯಾರ ಎಷ್ಟು ಈಚಿನದು ಎಂದು ತಾವೇ ತಿಳಿದುಕೊಂಡು, ದಂಡನಾಯಕನಿಗೆ ಗಂಟೆ ನೋಡುವ ಭಾಗ್ಯವೇ ಇರಲಿಲ್ಲ ಎಂದು ಕುಣಿದರು. ಅಜ್ಜಿಯ ಜಗಲಿಗೂ ಹೋದರು. ಆದರೆ ಯಾಕಮ್ಮ ದಂಡನಾಯಕನ ಸುದ್ದಿ ಎತ್ತಲಿಲ್ಲ. ಅಜ್ಜಿ, ನೀವು ಮದುವೆಯಾಗಿ ಬಂದಾಗ ಆ ಕಲ್ಲು ಎಲ್ಲಿತ್ತು ಎಂದಳು. ಅಜ್ಜಿಗೆ ಅಷ್ಟು ದಿನವೂ ಹುಡುಕಿ ಹುಡುಕಿ ನೆನಪಿಸಿಕೊಳ್ಳಬೇಕಾಗಿದ್ದದ್ದು ಈಗ ತಾನಾಗಿ ಬಂತು.

“ಆಗೆಲ್ಲಿತ್ತು ಮಗಾ ಅಲ್ಲಿ? ಆಮೇಲೆ ದೊಡ್ಡ ರಸ್ತೆ ಅಗೀವಾಗ ಸಿಕ್ತು ಅಂತ ಆ ಮಾಲೀಕನ ಅಪ್ಪ ಗಾಡಿಲಿ ಹಾಕ್ಕೊಂಡು ಬಂದ. ಒಂದು ಕಡೆ ಚಪ್ಪಟೆ ಇತ್ತು, ಒಗೆಯೋಕೆ ಚೆನ್ನಾಗಿತ್ತು. ಗಾಡಿ ಎಳೆದು ಸುಸ್ತಾಗಿ ಅವನೇ ಅದರ ಮೇಲೆ ಕೂತು ಅತ್ತಿರಬೇಕು.”

ಉಳಿದದ್ದು ಒದ್ದೆಯ ಪ್ರಶ್ನೆ. ಯಾರೂ ಒಗೆಯದಿದ್ದರೂ ಕಲ್ಲು ಒದ್ದೆಯಾಗುವುದು ಹೇಗೆ? ಉತ್ತರ ಮೇಷ್ಟ್ರ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಲೆಕ್ಕಕ್ಕಿಲ್ಲ, ಹೇಳದಿದ್ದರೆ ಮನೆ ಕೈಬಿಡುತ್ತದೆ. ಅವರು ನಾಲಿಗೆ ಕಚ್ಚಿಕೊಂಡು ಓಡಾಡಿದರು. ಬೋರ್ಡು ತೆರೆಯುವ ಸಮಾರಂಭದ ಹಿಂದಿನ ಸಂಜೆ ಯಾಕಮ್ಮ ಬಂದು, ಸಾರ್, ಡಸ್ಟರ್ ಪೆಟ್ಟಿಗೆಯಲ್ಲಿ ಉದುರಿದ ಸೀಮೆಸುಣ್ಣದ ಪುಡಿ ನಮಗೆ ಕೊಡ್ತೀರಾ, ಹಿತ್ತಲು ಗುಡಿಸೋಕೆ ಹೋಗ್ತಿದ್ದೀವಿ ಎಂದಳು. ಗುಡಿಸಲು ಪುಡಿ ಯಾಕೆ ಎಂದು ಕೇಳುವುದು ಮೇಷ್ಟ್ರ ಕರ್ತವ್ಯವಾಗಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅವರು ಯಾಕೆ ಎನ್ನಲಿಲ್ಲ.

ಬೆಳಿಗ್ಗೆ ಹಿತ್ತಲು ತುಂಬ ಜನ. ಅಧಿಕಾರಿ ಬಟ್ಟೆ ಮುಚ್ಚಿದ ಬೋರ್ಡಿನ ಪಕ್ಕ ನಿಂತಿದ್ದರು. ಮುಖ್ಯೋಪಾಧ್ಯಾಯಿನಿ ಮುಂದಿನ ಕುರ್ಚಿಯಲ್ಲಿದ್ದರು, ಅಜ್ಜಿ ಅದಕ್ಕೂ ಮುಂದಿನದರಲ್ಲಿ. ಮಾಲೀಕರು ಇಸ್ತ್ರಿ ಅಂಗಿ ತೊಟ್ಟು, ಆತುರದಲ್ಲಿ ಕಾಲ ಕಡೆಗೆ ಗಮನ ಕೊಡುವುದನ್ನು ಮರೆತು ಬಂದಿದ್ದರು. ಮೇಷ್ಟ್ರ ಹೆಂಡತಿ ತನ್ನ ಕಿಟಕಿಯಲ್ಲಿ, ಕಾಫಿ ಲೋಟದೊಂದಿಗೆ, ರಾಜ್ಯ ಬಿಟ್ಟುಕೊಡದ ರಾಣಿಯಂತೆ ಕೂತಿದ್ದಳು.

ಅಧಿಕಾರಿ ದಂಡನಾಯಕನ ದುಃಖದ ಬಗ್ಗೆ ದೀರ್ಘವಾಗಿ ಮಾತಾಡಿ, “ಈ ಕಲ್ಲು ನಿನ್ನೆ ರಾತ್ರಿಯೂ ಅತ್ತಿದೆ, ನೀವೇ ನೋಡಬಹುದು,” ಎಂದು ಮುಗಿಸಿದರು. ಆಗ ಹಿಂದಿನಿಂದ ಒಂದು ಕೈ ಮೇಲೆದ್ದಿತು.

“ಸಾರ್, ಒಂದು ಪ್ರಶ್ನೆ,” ಎಂದಳು ಯಾಕಮ್ಮ. “ದಂಡನಾಯಕರು ಹವಾಯಿ ಚಪ್ಪಲಿ ಹಾಕ್ತಿದ್ರಾ?”

ಅವಳು ತೋರಿಸಿದ ಕಡೆ ಎಲ್ಲರೂ ನೋಡಿದರು. ಗೋಡೆಯ ಬದಿಯ ಕಪ್ಪು ನೆಲದ ಮೇಲೆ ಬಿಳಿ ಪುಡಿ ತೆಳ್ಳಗೆ ಹರಡಿತ್ತು. ಅದರ ಮೇಲೆ ಅಚ್ಚೊತ್ತಿದಷ್ಟು ಸ್ಪಷ್ಟವಾಗಿ ಒಂದು ಸಾಲು ಹೆಜ್ಜೆ ಮಹಡಿಯ ಮೆಟ್ಟಿಲಿನಿಂದ ಹೊರಟು, ಹಗ್ಗದ ತನಕ ಬಂದು, ನಿಂತು, ಅಲ್ಲಿ ನೀರಿನ ಹನಿಗಳ ಗುಂಡು ಗುಂಡು ಗುರುತು ಉಳಿಸಿ, ಮತ್ತೆ ಮೆಟ್ಟಿಲಿಗೇ ಮರಳಿತ್ತು. ಎಡಗಾಲಿನ ಹಿಮ್ಮಡಿ ಅರ್ಧವೇ ಮೂಡಿತ್ತು. ಜನರ ಕಣ್ಣುಗಳು ಹೆಜ್ಜೆಯ ಹಿಂದೆಯೇ ಮೆಟ್ಟಿಲಿನವರೆಗೆ ಹೋಗಿ, ಅಲ್ಲಿ ನಿಂತಿದ್ದ ಮಾಲೀಕರ ಪಾದಗಳ ಮೇಲೆ ಇಳಿದವು. ಚಪ್ಪಲಿಗಳು ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬೆಳ್ಳಗಿದ್ದವು. ಮಾಲೀಕರು ಒಂದು ಕಾಲನ್ನು ಇನ್ನೊಂದರ ಹಿಂದೆ ಬಚ್ಚಿಟ್ಟರು. ನಂತರ ಆ ಇನ್ನೊಂದನ್ನು ಬಚ್ಚಿಡಲು ನೋಡಿದರು. ಎರಡನ್ನೂ ಒಂದರ ಹಿಂದೊಂದು ಬಚ್ಚಿಡುವುದು ಇಲ್ಲಿಯವರೆಗೆ ಯಾರಿಗೂ ಸಾಧ್ಯವಾಗಿಲ್ಲ.

ಮಕ್ಕಳು ಬಕೆಟ್ಟು, ನೊರೆ, ಗಡಿಯಾರ, ಗಾಡಿ ಎಂದು ಸರದಿಯಲ್ಲಿ ಹೇಳುತ್ತಾ ಹೋದರು. ಅಧಿಕಾರಿಯ ಮುಖ ಕಪ್ಪಿಟ್ಟಿತು. ಎಲ್ಲಿ ರೇಗುತ್ತಾರೋ ಎಂದು ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಮುಖ್ಯೋಪಾಧ್ಯಾಯಿನಿ ಎದ್ದು ನಿಂತು, ಇದೆಲ್ಲ ಮೊದಲಿನಿಂದಲೂ ನಮ್ಮ ಶಾಲೆಯ ಪಾಠದ ಯೋಜನೆಯೇ, ಇದರಲ್ಲಿ ಭಾಗವಹಿಸಿದ್ದಕ್ಕೆ ಅಧಿಕಾರಿಗಳಿಗೆ ಧನ್ಯವಾದ ಎಂದುಬಿಟ್ಟರು. ಅಧಿಕಾರಿ ಸ್ವಲ್ಪ ಯೋಚಿಸಿ, ಹೌದು, ಯೋಜನೆಯೇ ಎಂದು ಒಪ್ಪಿದರು. ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಡುವಾಗ, “ಪರವಾಗಿಲ್ಲ, ಇನ್ನೊಂದು ಬದಿ ಖಾಲಿ ಇದೆ, ಬೇರೆ ಏನಾದ್ರೂ ಬರೆಸಬಹುದು,” ಎಂದು ಸಮಾಧಾನ ಮಾಡಿಕೊಂಡರು.

ಪುಟದ ಮೇಲೆ ‘ಸುಳ್ಳು ಪತ್ತೆಯಾಗಿದೆ’ ಎಂಬ ಕೆಂಪು ಮುದ್ರೆ ಬಿತ್ತು. ಸಾಕ್ಷಿಗಳ ಜಾಗದಲ್ಲಿ ಮಾಲೀಕರ ಸುದ್ದಿ ಬರೆಯುವಾಗ ಮಕ್ಕಳು ಪೆನ್ನು ಕಚ್ಚುತ್ತಾ ಕೂತಿದ್ದರು. ಕಡೆಗೆ ಯಾಕಮ್ಮ ‘ಕಲ್ಲಿನ ಮೇಲೆ ಪ್ರೀತಿಯಿದ್ದ ಒಬ್ಬ ಹಿರಿಯರು ನೀರು ಹಾಕುತ್ತಿದ್ದರು’ ಎಂದು ಬರೆದಳು. ಅದನ್ನು ಓದಿದ ಮಾಲೀಕರಿಗೆ, ಮನೆತನದ ವಾಡಿಕೆಯಂತೆ, ಕಣ್ಣು ತುಂಬಿತು. ಅವರು ಕೆಳಗಿಳಿದು ಬಂದು, ಕಿಟಕಿಯ ಕಡೆ ನೋಡದೆ ಹೇಳಿದರು: “ನಾನಿರೋ ತನಕ ಈ ಮನೆ ನಿಮ್ಮದೇ ಅಂದ್ಕೊಳ್ಳಿ ಮೇಷ್ಟ್ರೇ. ಆ ಕಲ್ಲಿನ ಸುದ್ದಿ ಮಾತ್ರ ಇನ್ನೊಂದು ಸಲ ಎತ್ತಬೇಡಿ. ನನ್ನ ಕೈಲಿ ಆಗಲ್ಲ.”

ಅಜ್ಜಿಯ ಜಗಲಿ ಬರಿದಾಗಲಿಲ್ಲ. ಮಕ್ಕಳು ಅವರ ನಿಜವಾದ ನೆನಪುಗಳನ್ನು ತಾಣಕ್ಕೆಂದು ಹಿಡಿದಿಡತೊಡಗಿದರು. ಬೀದಿಗೆ ನಲ್ಲಿ ಬಂದದ್ದು, ಮೊದಲ ದಿನ ಅದರಿಂದ ನೀರಿನ ಬದಲು ಗಾಳಿ ಬಂದು ಎಲ್ಲರೂ ಹೆದರಿ ಓಡಿದ್ದು. ಅಜ್ಜಿಯನ್ನು ಕೇಳಿದರೆ ಇದು ದಂಡನಾಯಕನಿಗಿಂತ ಚೆನ್ನಾಗಿದೆ, ಇದರಲ್ಲಿ ನಾನು ಓಡುತ್ತೇನೆ ಎನ್ನುತ್ತಿದ್ದರು. ಟವೆಲ್ಲಿನ ವಿಷಯವನ್ನು ಮಾತ್ರ ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹಗ್ಗ ಬಿಚ್ಚಿದ ಮೇಲೆ ಹೆಂಡತಿ ಮೊದಲ ಬಟ್ಟೆ ಹಾಕಿ ನೋಡಿದಳು. ಕಲ್ಲು ಅಲ್ಲಾಡುತ್ತಿತ್ತು. ಹಗ್ಗ ಕಟ್ಟುವ ಮೊದಲು ಅಷ್ಟು ಜನ ಬಂದು ಮುಟ್ಟಿ, ಕೂತು, ಚಿತ್ರ ತೆಗೆಸಿಕೊಂಡು ಅದರ ಬುಡ ಸಡಿಲವಾಗಿತ್ತು. ಕೆಳಗೆ ಒಂದು ಚೂರು ಕಲ್ಲು ಇಟ್ಟು ಗಟ್ಟಿ ಮಾಡಿ ಎಂದು ಹೇಳಿ ಅವಳು ಒಳಗೆ ಹೋದಳು. ಮೇಷ್ಟ್ರು ಕಬ್ಬಿಣದ ಹಾರೆ ತಂದು, ಒಂದು ಅಂಚಿಗೆ ಸಿಕ್ಕಿಸಿ ಮೀಟಿದರು. ಕಲ್ಲು ಮೆಲ್ಲಗೆ ಮಗ್ಗುಲಾಯಿತು.

ಅದರ ಆ ಕಡೆಯ ಮುಖದಲ್ಲಿ ಮಣ್ಣು ಮೆತ್ತಿಕೊಂಡಿತ್ತು. ಮಣ್ಣಿನೊಳಗೆ ಗೆರೆಗಳಿದ್ದವು. ಮೇಷ್ಟ್ರು ಹೆಬ್ಬೆರಳಿನಿಂದ ತಿಕ್ಕಿದರು. ಗೆರೆಗಳು ಅಕ್ಷರಗಳಾದವು, ಅವರಿಗೆ ಓದಲು ಬಾರದ, ಆದರೆ ಬಹಳ ಹಳೆಯವೆಂದು ನೋಡಿದ ಕೂಡಲೇ ತಿಳಿಯುವ ಅಕ್ಷರಗಳು, ಸಾಲು ಸಾಲಾಗಿ. ಸಾಲುಗಳ ಮೇಲೆ ಒಂದು ಸಣ್ಣ ಕೆತ್ತನೆಯಿತ್ತು. ಒಬ್ಬ ಮನುಷ್ಯ ಕೂತಿದ್ದ. ಸೊಂಟದಲ್ಲಿ ಕತ್ತಿ. ಒಂದು ಅಂಗೈಯನ್ನು ಕೆನ್ನೆಗೆ ಒತ್ತಿ ಹಿಡಿದಿದ್ದ. ಅವನು ಅಳುತ್ತಿದ್ದನೋ, ಯೋಚಿಸುತ್ತಿದ್ದನೋ, ಹಲ್ಲು ನೋವಿತ್ತೋ, ಹೇಳುವುದು ಕಷ್ಟ.

ಮೇಷ್ಟ್ರು ಹಾರೆ ಹಿಡಿದುಕೊಂಡೇ ಕುಕ್ಕರಗಾಲಿನಲ್ಲಿ ಕೂತರು. ಮೊದಲು ನೆನಪಾದದ್ದು ಫೋನು. ಎರಡನೆಯದು ಯಾಕಮ್ಮನ ಮುಖ. ಮೂರನೆಯದಾಗಿ ನೆನಪಾದದ್ದು ಅಧಿಕಾರಿಯ ಬೋರ್ಡಿನ ಖಾಲಿ ಬದಿ, ಮಾಲೀಕರ ಅಳತೆ ಪಟ್ಟಿ, ಕೆಂಪು ಹಗ್ಗ. ತಾವು ಹೋಗಿ, ಸ್ವಾಮಿ, ಈ ಸಲ ನಿಜ ಎಂದರೆ ಯಾರ ಮುಖ ಹೇಗಿರುತ್ತದೆ ಎಂದು ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡರು.

“ರೀ, ಕಲ್ಲಿನ ಕೆಳಗೆ ಏನಾದ್ರೂ ಇದ್ಯಾ?” ಕಿಟಕಿಯಿಂದ ಹೆಂಡತಿ ಕೇಳಿದಳು. ಅವಳಿಗಿದ್ದದ್ದು ಹುಳಹುಪ್ಪಟೆಯ ಭಯ. ಕಾಫಿ ಲೋಟದ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು.

ಮೇಷ್ಟ್ರು ಕೆನ್ನೆಗೆ ಕೈ ಹಚ್ಚಿ ಕೂತವನನ್ನು ನೋಡಿದರು. ತಾವೂ ಹಾಗೆಯೇ ಕೂತಿದ್ದೇವೆಂದು ಅರಿವಾಗಿ ಕೈ ತೆಗೆದರು. ಅವನು ಇಷ್ಟು ಕಾಲ ಮುಖ ಕೆಳಗೆ ಮಾಡಿಕೊಂಡು, ಬೆನ್ನ ಮೇಲೆ ಎಷ್ಟೋ ಮನೆಯ ಬಟ್ಟೆ ಬಡಿಸಿಕೊಂಡು, ತುಟಿ ಪಿಟಕ್ಕೆನ್ನದೆ ಇದ್ದಾನೆ. ಮಾಲೀಕರು ಇರುವ ತನಕ, ಯಾಕಮ್ಮ ದೊಡ್ಡವಳಾಗಿ ತಾನೇ ಹಾರೆ ಹಿಡಿದು ಬರುವ ತನಕ, ಇನ್ನೂ ಸ್ವಲ್ಪ ಕಾಲ ಇರಲಾರನೇ? ಅವಸರದಲ್ಲಿರಲು ಅವನ ಹತ್ತಿರ ಕೈಗಡಿಯಾರವಂತೂ ಇಲ್ಲ.

“ಕಲ್ಲೇ ಇದೆ,” ಎಂದರು ಮೇಷ್ಟ್ರು. ಚರಿತ್ರೆ ಮೇಷ್ಟ್ರ ಬಾಯಿಂದ ಆ ತಿಂಗಳು ಬಂದ ಮಾತುಗಳಲ್ಲಿ ಇದು ಅಪ್ಪಟ ಸತ್ಯ.

ಚೂರು ಕಲ್ಲೊಂದನ್ನು ಅಂಚಿಗೆ ಇಟ್ಟು, ಅಕ್ಷರಗಳಿಗೆ ಪೆಟ್ಟಾಗದಂತೆ ತಮ್ಮ ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿ, ಕಲ್ಲನ್ನು ನಿಧಾನವಾಗಿ ಇಳಿಸಿದರು. ಈ ಟವೆಲ್ಲೂ ವಾಪಸ್ ಬರುವುದಿಲ್ಲ ಎಂದುಕೊಂಡರು. ಹೆಂಡತಿಗೂ ಹೇಳುವುದಿಲ್ಲ, ಮುಖ್ಯೋಪಾಧ್ಯಾಯಿನಿಗೂ ಹೇಳುವುದಿಲ್ಲ, ವಿಜ್ಞಾನದ ಮೇಷ್ಟ್ರಿಗಂತೂ ಸತ್ತರೂ ಹೇಳುವುದಿಲ್ಲ ಎಂದು ಕೈಯ ಮಣ್ಣು ಕೊಡವಿಕೊಂಡು ಎದ್ದರು. ಹೆಂಡತಿ ಬಟ್ಟೆಯ ಬುಟ್ಟಿ ಹಿಡಿದು ಬಂದು, ಕಲ್ಲನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಪರವಾಗಿಲ್ಲ, ಇದೊಂದನ್ನಾದರೂ ಸರಿಯಾಗಿ ಮಾಡಿದ್ದೀರಿ ಎಂದು, ಮೊದಲ ಅಂಗಿಯನ್ನು ಎತ್ತಿ ಬಡಿದಳು.

ಚಳ್ ಎಂದಿತು.